ತುಂಬದ ಕಂತಿನ ವಿನಾಯಿತಿ

ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಕೊನೆಯ ಹನ್ನೊಂದು ವರ್ಷ ತಿಕೋಟಾದ ಶಾಖೆಯಲ್ಲಿದ್ದೆ. ಸಾಲ ಕೇಳಿದವರ ಹೊಲಕ್ಕೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಬಿಜ್ಜರಗಿ ಕಡೆ ದ್ರಾಕ್ಷಿ ಹಚ್ಚಿದವರು ಬಿಲ್ಲು ತಂದು ಕೊಟ್ಟರೆ, ಬಿಲ್ಲಿನಲ್ಲಿ ಬರೆದ ಕಂಬ, ತಂತಿ, ಪೈಪು ಹೊಲದಲ್ಲಿ ಖರೇ ಇವೆಯೋ ಇಲ್ಲವೋ ಎಂದು ಮೋಟಾರ್ ಸೈಕಲ್ ಮೇಲೆ ಹೋಗಿ ನೋಡುತ್ತಿದ್ದೆ. ಸುಳ್ಳು ಬಿಲ್ಲು ತಂದವರನ್ನು ಎಲ್ಲರೆದುರಿಗೆ ಬೈಯುತ್ತಿದ್ದೆ. ಒಮ್ಮೆ ನನಗಿಂತ ಹತ್ತು ವರ್ಷ ದೊಡ್ಡವನಾದ ಒಬ್ಬ ರೈತನ ಕೈಯಿಂದ ಕಾಗದ ಕಸಿದು ಹರಿದು ಕಸದ ಬುಟ್ಟಿಗೆ ಹಾಕಿದ್ದೆ. ಅವನು ರುಮಾಲು ಸರಿ ಮಾಡಿಕೊಂಡು ಹೊರಗೆ ಹೋದ. ಶಾಖೆಯಲ್ಲಿದ್ದವರೆಲ್ಲ ನನ್ನನ್ನು ಮೆಚ್ಚಿ ನೋಡಿದರು. ನನಗೂ ಅದು ಹಿತವಾಗಿತ್ತು.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದಿನದನ್ನು ಓದುವವರಿಗೆ ನನ್ನ ಮೇಲೆ ಎಷ್ಟು ಹೇಸಿಕೆ ಬರಬೇಕೋ ಅಷ್ಟೂ ಬರಲಿ.

ನಿವೃತ್ತಿಯಾದ ಮೇಲೆ ನಾನು, ನನ್ನ ಹೆಂಡತಿ ತಿಕೋಟಾದಲ್ಲೇ ಉಳಿದೆವು. ಒಬ್ಬಳೇ ಮಗಳು, ಮದುವೆಯಾಗಿ ಬಾಗಲಕೋಟೆಯಲ್ಲಿದ್ದಾಳೆ. ಪಿಂಚಣಿ ಬರುತ್ತಿತ್ತು, ಠೇವಣಿಯ ಬಡ್ಡಿ ಬರುತ್ತಿತ್ತು, ಎರಡರಲ್ಲೂ ತೆರಿಗೆ ಮುರಿದುಕೊಳ್ಳುತ್ತಿದ್ದರು. ಆ ವರ್ಷವೇ ಬ್ಯಾಂಕಿನಿಂದ ಒಂದು ಪತ್ರ ಬಂತು. ನಿವೃತ್ತರಿಗೆ ಒಂದು ಗುಂಪು ಆರೋಗ್ಯ ವಿಮೆ ಇದೆ, ಬೇಕಾದವರು ಗಂಡ ಹೆಂಡತಿ ಇಬ್ಬರಿಗೂ ಸೇರಿ ವರ್ಷಕ್ಕೊಮ್ಮೆ ಕಂತು ತುಂಬಬೇಕು, ಬೇಡದವರು ಬಿಡಬಹುದು ಎಂದು. ಕೆಳಗೆ ನನ್ನ ಹೆಸರು, ಹೆಂಡತಿಯ ಹೆಸರು, ಇಬ್ಬರ ವಯಸ್ಸು, ತುಂಬಬೇಕಾದ ಮೊತ್ತ. ಮೊತ್ತ ನಲವತ್ತು ಸಾವಿರ ದಾಟಿತ್ತು.

'ನಾವಿಬ್ಬರೂ ಗಟ್ಟಿ ಅದೀವಿ. ಇಷ್ಟು ರೊಕ್ಕ ಸುಮ್ಮನೆ ಯಾಕ ಹಾಕೂದು' ಎಂದು ನನ್ನೊಳಗೇ ಅಂದುಕೊಂಡೆ. ಹೆಂಡತಿಯನ್ನು ಕೇಳಲಿಲ್ಲ. ಪತ್ರವನ್ನು ಫೈಲಿಗೆ ಹಾಕಿದೆ. ಕಂತು ತುಂಬಲಿಲ್ಲ.

ಜುಲೈ ತಿಂಗಳಲ್ಲಿ ತೆರಿಗೆ ರಿಟರ್ನ್ ಸಲ್ಲಿಸಬೇಕಿತ್ತು. ವಿಜಯಪುರದ ಜೋರಾಪುರ ಪೇಟೆಯಲ್ಲಿ ಒಬ್ಬ ತೆರಿಗೆ ಸಲಹೆಗಾರ ಇದ್ದಾನೆ, ಮುರಿದುಕೊಂಡ ತೆರಿಗೆಯನ್ನೆಲ್ಲ ತಿರುಗಿ ತರಿಸಿ ಕೊಡುತ್ತಾನೆ ಎಂದು ಯಾರೋ ಹೇಳಿದ್ದರು. ಬಟ್ಟೆ ಅಂಗಡಿಯೊಂದರ ಮೇಲೆ ಅವನ ಕೋಣೆ. ಮೆಟ್ಟಿಲ ಗೋಡೆಯ ಮೂಲೆಗಳಲ್ಲೆಲ್ಲ ಎಲೆ ಅಡಿಕೆ ಉಗುಳಿದ ಕೆಂಪು ಕಲೆ. ಒಳಗೆ ಹೋದರೆ ಫ್ಯಾನಿನ ಕೆಳಗೆ ಐದಾರು ನಿವೃತ್ತರು ಕೈಚೀಲ ತೊಡೆಯ ಮೇಲಿಟ್ಟುಕೊಂಡು ಸಾಲಾಗಿ ಕೂತಿದ್ದರು. ಸಲಹೆಗಾರ ಗುಟ್ಕಾ ತುಂಬಿದ ಬಾಯಿಂದಲೇ ಮಾತಾಡುತ್ತಿದ್ದ. ನಡುನಡುವೆ ಮೇಜಿನ ಕೆಳಗಿಂದ ಒಂದು ಬಾಟಲಿ ಎತ್ತಿ ಅದರೊಳಗೆ ಉಗುಳಿ ಮುಚ್ಚಳ ಹಾಕುತ್ತಿದ್ದ. ಬಾಟಲಿ ಅರ್ಧ ತುಂಬಿತ್ತು. ನನಗೆ ಆಗಲೇ ಎದ್ದು ಬರಬೇಕು ಅನಿಸಿತ್ತು. ಬರಲಿಲ್ಲ.

"ಸಾಹೇಬ್ರ, ಆರೋಗ್ಯ ವಿಮಾ ಎಷ್ಟು ತುಂಬೀರಿ?" ಎಂದು ಕೇಳಿದ.

"ತುಂಬಿಲ್ರಿ. ಪತ್ರ ಬಂದಿತ್ತು, ಬಿಟ್ಟೇನಿ."

"ಪತ್ರ ಐತೇನು?"

ಫೈಲಿನಲ್ಲಿತ್ತು, ತೆಗೆದು ಕೊಟ್ಟೆ. ಅವನು ಅದನ್ನು ಕಂಪ್ಯೂಟರಿನ ಪಕ್ಕಕ್ಕಿಟ್ಟು ಬೆರಳಿಂದ ತಟ್ಟಿದ.

"ನಿಮ್ಮ ಹೆಸರೈತಿ, ಅಕ್ಕಾರ ಹೆಸರೈತಿ, ಮೊತ್ತ ಐತಿ. ಮತ್ತೇನ ಬೇಕ್ರಿ? ವಯಸ್ಸಾದವರಿಗೆ ಐವತ್ತು ಸಾವಿರತನಕ ವಿನಾಯಿತಿ ಐತಿ. ಹಾಕಿಬಿಡ್ತೇನಿ."

"ಆದ್ರ ನಾ ಕಟ್ಟಿಲ್ಲಲ್ರಿ."

"ರಶೀದಿ ಯಾರೂ ಕೇಳಂಗಿಲ್ರಿ. ಕೇಳಿದ್ರ ನಾ ಅದೇನಿ."

ನಾನು ಇಲ್ಲ ಅನ್ನಲಿಲ್ಲ. ಹೂಂ ಅನ್ನಲೂ ಇಲ್ಲ. ಅವನು ಟಪಟಪ ಒತ್ತಿದ. ಸ್ವಲ್ಪ ಹೊತ್ತಿಗೆ ನನ್ನ ಮೊಬೈಲಿಗೆ ಒಟಿಪಿ ಬಂತು. "ನಂಬರ್ ಹೇಳ್ರಿ" ಎಂದ. ಆ ಆರು ಅಂಕಿಯನ್ನು ನಾನೇ, ನನ್ನ ಬಾಯಿಂದಲೇ, ಒಂದೊಂದಾಗಿ ಓದಿ ಹೇಳಿದೆ. ಅದೇ ಸಹಿ. ಅವನು ಬರೆದ, ನನಗೆ ಗೊತ್ತಿರಲಿಲ್ಲ ಎಂದು ಆಮೇಲೆ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಆದರೆ ಆ ಆರು ಅಂಕಿ ಓದಿದವನು ನಾನು.

ಒಂದು ತಿಂಗಳಲ್ಲಿ ಖಾತೆಗೆ ರೊಕ್ಕ ಬಂತು. ಬರಬೇಕಾದದ್ದಕ್ಕಿಂತ ಒಂಬತ್ತು ಸಾವಿರ ಚಿಲ್ಲರೆ ಹೆಚ್ಚು. ಅದರಲ್ಲಿ ಹತ್ತರಲ್ಲಿ ಒಂದು ಪಾಲು ಸಲಹೆಗಾರನಿಗೆ ಹೋಯಿತು. ಉಳಿದದ್ದರಲ್ಲಿ ಒಂದು ಕೂಲರ್ ತಂದೆ. ಹೆಂಡತಿ ಕೇಳಿದಳು, ಇದಕ್ಕೆ ರೊಕ್ಕ ಎಲ್ಲಿಂದ ಬಂತು ಎಂದು.

"ವಿಮಾದ ಕಡಿಂದ ಬಂತು" ಎಂದೆ.

ಬಾಯಿಗೆ ಬಂದ ಮಾತು ಹೇಳಿದ್ದೆ. ಉದ್ದಕ್ಕೆ ವಿವರಿಸಲು ಬೇಸರವಾಗಿತ್ತು. ಅವಳು ಏಳನೆಯ ತರಗತಿಯವರೆಗೆ ಓದಿದವಳು, ಆದರೆ ಮನೆಯ ಕಾಗದಪತ್ರದಲ್ಲಿ ನನಗಿಂತ ಅಚ್ಚುಕಟ್ಟು. ಫೈಲು ತೆಗೆದು ನೋಡಿದಳು. ಪತ್ರ ಇಂಗ್ಲಿಷಿನಲ್ಲಿತ್ತು, ಅವಳಿಗೆ ಓದಿ ತಿಳಿದದ್ದು ತನ್ನ ಹೆಸರಷ್ಟೇ. ಅದನ್ನು ಬೇರೆ ತೆಗೆದು, ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ 'ವಿಮಾ' ಎಂದು ಪೆನ್ನಿನಿಂದ ಬರೆದು ಟ್ರಂಕಿನಲ್ಲಿಟ್ಟಳು. ಮುಂದಿನ ವರ್ಷ ಹೊಸ ಪತ್ರ ಬಂದಾಗ ಹಳೆಯದನ್ನು ತೆಗೆದು ಹೊಸದನ್ನು ಇಟ್ಟಳು. ಅದರ ಮುಂದಿನ ವರ್ಷವೂ ಹಾಗೆಯೇ ಮಾಡಿದಳು. ಪಕ್ಕದ ಮನೆಯವಳಿಗೆ "ನಮಗೇನ ಚಿಂತಿ ಇಲ್ಲವಾ, ಇವರು ಇಬ್ಬರದೂ ವಿಮಾ ಮಾಡಿಸ್ಯಾರ" ಎಂದು ಹೇಳುತ್ತಿದ್ದದ್ದು ನನ್ನ ಕಿವಿಗೆ ಒಂದು ಸಲ ಬಿದ್ದಿತ್ತು. ಕೇಳಿಸಿಕೊಂಡು ಪೇಪರ್ ಓದುತ್ತಾ ಕೂತೆ.

ಮೂರು ವರ್ಷ ಹೀಗೆ ನಡೆಯಿತು. ಮೂರನೆಯ ವರ್ಷ ರಿಟರ್ನಿನಲ್ಲಿ ಪಾಲಿಸಿ ನಂಬರ್ ಬರೆಯಬೇಕು ಎಂದಾಯಿತು. ನನಗೆ ಅಂಜಿಕೆಯಾಯಿತು. ಸಲಹೆಗಾರ ನಕ್ಕು ಪತ್ರದ ಮೇಲ್ಗಡೆ ಇದ್ದ ಉಲ್ಲೇಖ ಸಂಖ್ಯೆಯನ್ನೇ ಆ ಖಾನೆಯಲ್ಲಿ ತುಂಬಿದ. ನಾನು ಮತ್ತೆ ಆರು ಅಂಕಿ ಓದಿದೆ.

ಇಷ್ಟೇ ಆಗಿದ್ದರೆ ನನ್ನೊಬ್ಬನ ಹೊಲಸು. ಆದರೆ ಎರಡನೆಯ ವರ್ಷ ನಾನು ನನ್ನ ಗೆಳೆಯನನ್ನೂ ಆ ಮೆಟ್ಟಿಲು ಹತ್ತಿಸಿದ್ದೆ. ಅವನು ಬಬಲೇಶ್ವರದವನು, ಹೈಸ್ಕೂಲಿನ ಹೆಡ್‌ಮಾಸ್ತರನಾಗಿ ನಿವೃತ್ತಿಯಾದವನು. ಕಾಲೇಜಿನಲ್ಲಿ ಓದುವಾಗ ವಿಜಯಪುರದಲ್ಲಿ ಒಂದೇ ಖೋಲಿಯಲ್ಲಿ ಇದ್ದೆವು. ಅವನ ತಾಯಿ ಪ್ರತಿ ಸೋಮವಾರ ಬಸ್ಸಿನವರ ಕೈಯಲ್ಲಿ ರೊಟ್ಟಿಯ ಗಂಟು ಕಳಿಸುತ್ತಿದ್ದಳು, ಅದರಲ್ಲಿ ಲೆಕ್ಕ ಹಾಕಿ ನನ್ನ ಪಾಲಿನದೂ ಇರುತ್ತಿತ್ತು. ಅವನು ತೆರಿಗೆ ಬಹಳ ಹೋಗುತ್ತದೆ ಎಂದು ಗೊಣಗಿದಾಗ, "ನಡಿ, ನಾ ಕರಕೊಂಡು ಹೋಗ್ತೇನಿ" ಎಂದು ನಾನೇ ಕರೆದುಕೊಂಡು ಹೋದೆ. ದೊಡ್ಡ ಉಪಕಾರ ಮಾಡಿದಂತೆ ಅನಿಸಿತ್ತು.

ಮೂರನೆಯ ರಿಟರ್ನ್ ಹಾಕಿದ ಮೇಲೆ, ಚಳಿ ಶುರುವಾಗುವ ಹೊತ್ತಿಗೆ, ಹೆಂಡತಿಗೆ ಹೊಟ್ಟೆನೋವು ಬರತೊಡಗಿತು. ಊಟವಾದ ಮೇಲೆ ಬಲಗಡೆ ಪಕ್ಕೆ ಹಿಡಿದುಕೊಂಡು ಕೂತುಬಿಡುತ್ತಿದ್ದಳು. ಒಂದು ದಿನ ಮಧ್ಯಾಹ್ನ ವಾಂತಿಯಾಗಿ, ಮೈಯೆಲ್ಲ ಬೆವರಿ, ಹೊಸ್ತಿಲ ಮೇಲೆ ಕುಸಿದಳು. ಕಾರು ಮಾಡಿಕೊಂಡು ವಿಜಯಪುರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಹೊರಡುವ ಮೊದಲು, ಅಷ್ಟು ನೋವಿನಲ್ಲೂ, "ಟ್ರಂಕ್ ತಗೀರಿ, ಆ ಕವರ್ ಕೊಡ್ರಿ" ಎಂದಳು. ನಾನು "ಈಗ ಅದ್ಯಾಕ" ಎಂದೆ. ಅವಳೇ ಗೋಡೆ ಹಿಡಿದು ಹೋಗಿ ತೆಗೆದು ಚೀಲದಲ್ಲಿ ಹಾಕಿಕೊಂಡಳು. ಇಟ್ಟಂಗಿಹಾಳ ದಾಟಿ ವಿಜಯಪುರ ಸೇರುವವರೆಗೂ ಆ ಚೀಲ ಅವಳ ಎದೆಗೊತ್ತಿಕೊಂಡಿತ್ತು.

ಡಾಕ್ಟರು ಸ್ಕ್ಯಾನ್ ಮಾಡಿಸಿ, ಪಿತ್ತಕೋಶದಲ್ಲಿ ಕಲ್ಲಾಗಿವೆ, ಬಾವು ಬಂದಿದೆ, ತಡ ಮಾಡದೆ ಆಪರೇಷನ್ ಮಾಡಬೇಕು ಎಂದರು. ಭರ್ತಿ ಮಾಡಿಸಲು ಕೌಂಟರಿಗೆ ಹೋದೆ. ಹೆಂಡತಿಯನ್ನು ಗಾಲಿ ಕುರ್ಚಿಯಲ್ಲಿ ನನ್ನ ಪಕ್ಕಕ್ಕೇ ತಂದು ನಿಲ್ಲಿಸಿದರು. ಕೌಂಟರಿನಲ್ಲಿ ಒಬ್ಬ ಹುಡುಗಿ ಇದ್ದಳು.

"ಕಾಕಾ, ರೊಕ್ಕ ತುಂಬ್ತೀರೋ, ಇನ್ಶೂರೆನ್ಸ್ ಐತೋ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ "ವಿಮಾ ಐತವಾ ನಮ್ಮದು" ಎಂದಳು. ಆ ದನಿಯಲ್ಲಿ ಒಂದು ಗತ್ತಿತ್ತು. ಚೀಲದಿಂದ ಕವರ್ ತೆಗೆದಳು, ಕವರಿನಿಂದ ಪತ್ರ ತೆಗೆದಳು, ಮಡಿಕೆ ಬಿಡಿಸಿ ಕೊಟ್ಟಳು.

ಹುಡುಗಿ ಓದಿದಳು. ಎರಡನೆಯ ಪುಟ ತಿರುವಿದಳು. ಮತ್ತೆ ಮೊದಲನೆಯದಕ್ಕೆ ಬಂದಳು.

"ಅಮ್ಮಾ, ಇದು ಪಾಲಿಸಿ ಅಲ್ರಿ. ಬೇಕಂದ್ರ ರೊಕ್ಕ ತುಂಬ್ರಿ ಅಂತ ಬ್ಯಾಂಕಿನವರು ಬರದ ಪತ್ರ. ತುಂಬಿದ ರಶೀದಿ ಇಲ್ಲಾ ಕಾರ್ಡ್ ಐತೇನ್ರಿ?"

ಹೆಂಡತಿ ನನ್ನ ಕಡೆ ನೋಡಿದಳು. ಆಗಲೂ ನಾನು ಖರೇ ಹೇಳಬಹುದಿತ್ತು. ನಾನು ಹೇಳಿದ್ದು ಹೀಗೆ:

"ರಶೀದಿ ಮನ್ಯಾಗ ಉಳೀತು. ತಡಿ, ಬ್ಯಾಂಕಿಗೆ ಫೋನ್ ಮಾಡಿ ಕೇಳ್ತೇನಿ."

ಹೊರಗೆ ಬಂದೆ. ಗೇಟಿನ ಬಳಿ ಎಳನೀರಿನ ಗಾಡಿ ನಿಂತಿತ್ತು. ಅದರ ಮಗ್ಗುಲಿಗೆ ನಿಂತು, ಯಾರಿಗೂ ಹಚ್ಚದ ಫೋನನ್ನು ಕಿವಿಗಿಟ್ಟುಕೊಂಡು, ಗಾಜಿನ ಬಾಗಿಲಿನಿಂದ ಅವಳಿಗೆ ಕಾಣುವಂತೆ ತುಟಿ ಅಲ್ಲಾಡಿಸಿದೆ. "ಹೌದ್ರಿ, ಹೌದ್ರಿ, ರಶೀದಿ ನಂಬರ್ ಹೇಳ್ರಿ" ಎಂದು ಸತ್ತ ಫೋನಿಗೆ ಹೇಳಿದೆ. ಎಳನೀರಿನವನು ನನ್ನನ್ನೇ ನೋಡುತ್ತಿದ್ದ. ಅವನಿಗೇನೂ ಗೊತ್ತಾಗಿರಲಿಕ್ಕಿಲ್ಲ. ಆದರೂ ಆ ಗಳಿಗೆಯಲ್ಲಿ ನನ್ನ ಬಾಯಿಯ ಉಗುಳು ನನಗೇ ಹೊಲಸೆನಿಸಿತು. ಮೂವತ್ತೈದು ವರ್ಷ ನನ್ನ ಜೊತೆ ಬಾಳಿದವಳು ಒಳಗೆ ಪಕ್ಕೆ ಹಿಡಿದುಕೊಂಡು ಕೂತಿದ್ದಳು, ನಾನು ಹೊರಗೆ ನಾಟಕ ಆಡುತ್ತಿದ್ದೆ.

ಒಳಗೆ ಬಂದಾಗ ಹುಡುಗಿ ಆಗಲೇ ನಮ್ಮ ಹೆಸರನ್ನು ವಿಮಾ ಕಂಪನಿಯ ಪಟ್ಟಿಯಲ್ಲಿ ಹುಡುಕಿಯಾಗಿತ್ತು. ದನಿ ತಗ್ಗಿಸಿ ಹೇಳಿದಳು. "ನಿಮ್ಮ ಹೆಸರು ಎಲ್ಲೂ ಇಲ್ರಿ ಕಾಕಾ. ಒಂದ ವರ್ಷನೂ ಸೇರಿಲ್ಲ ಅಂತ ಬರಾಕತ್ತೈತಿ."

ಹೆಂಡತಿ ಪತ್ರಕ್ಕಾಗಿ ಕೈ ಚಾಚಿದಳು. ಅದನ್ನು ಇಸಿದುಕೊಂಡು ಮೊದಲಿನ ಮಡಿಕೆಗೇ ಮಡಚಿ ಕವರಿನಲ್ಲಿಟ್ಟಳು. ನನ್ನ ಕಡೆ ನೋಡಲಿಲ್ಲ. "ರೊಕ್ಕ ತುಂಬ್ತಾರವಾ. ಬರಕೋ" ಎಂದಳು.

ರೊಕ್ಕಕ್ಕೆ ತೊಂದರೆ ಇರಲಿಲ್ಲ, ಅದನ್ನೂ ಹೇಳಬೇಕು. ಖಾತೆಯಲ್ಲಿದ್ದದ್ದನ್ನು ಕಾರ್ಡ್ ತಿಕ್ಕಿ ಕೊಟ್ಟೆ, ಕಡಿಮೆ ಬಿದ್ದದ್ದಕ್ಕೆ ಒಂದು ಠೇವಣಿ ಮುರಿದೆ. ನಾವು ಬೀದಿಗೆ ಬೀಳಲಿಲ್ಲ. ಒಮ್ಮೊಮ್ಮೆ ಅನಿಸುತ್ತದೆ, ಬೀದಿಗೆ ಬಿದ್ದಿದ್ದರೆ ನನಗೆ ಒಂದು ಶಿಕ್ಷೆಯಾದರೂ ಆಗುತ್ತಿತ್ತು, ಆ ಸಂಕಟದಲ್ಲಿ ಇದು ಮರೆಯುತ್ತಿತ್ತು. ಹಾಗಾಗಲಿಲ್ಲ. ಆಪರೇಷನ್ ಚೆನ್ನಾಗಿ ಆಯಿತು. ಮಗಳು ಬಂದು ಎರಡು ದಿನ ಇದ್ದಳು. ಅವಳಿಗೆ ಹೆಂಡತಿ ಏನನ್ನೂ ಹೇಳಲಿಲ್ಲ.

ಮಗಳು ಹೋದ ಮೇಲೆ, ವಾರ್ಡಿನಲ್ಲಿ ನಾವಿಬ್ಬರೇ ಇದ್ದಾಗ, ಸೂರು ನೋಡುತ್ತಾ ಕೇಳಿದಳು.

"ಒಂದ ಮಾತ ಕೇಳ್ತೇನಿ. ಸುಳ್ಳ ಹೇಳಬ್ಯಾಡ್ರಿ. ವಿಮಾದ ಕಡಿಂದ ರೊಕ್ಕ ಬಂತು ಅಂದ್ರಲ್ಲ, ಅದು ಯಾವ ರೊಕ್ಕ?"

ಎಲ್ಲವನ್ನೂ ಹೇಳಿದೆ. ಪತ್ರ, ಬಾಟಲಿಯಲ್ಲಿ ಉಗುಳುವ ಸಲಹೆಗಾರ, ಆರು ಅಂಕಿ, ಉಲ್ಲೇಖ ಸಂಖ್ಯೆ. ಕಂತು ಕಟ್ಟಿದವರ ಮೇಲೆ ತೆರಿಗೆ ಕಡಿಮೆ ಹಾಕುತ್ತಾರೆ, ನಾನು ಕಟ್ಟದೆಯೇ ಕಟ್ಟಿದ್ದೇನೆ ಎಂದು ಬರೆಸಿದೆ, ಅದಕ್ಕೇ ರೊಕ್ಕ ತಿರುಗಿ ಬಂತು ಎಂದು ಬಿಡಿಸಿ ಹೇಳಿದೆ. ಮುಗಿದ ಮೇಲೆ ಕೇಳಿದಳು.

"ಅಂದ್ರ ನನ್ನ ಹೆಸರೂ ಬರದ್ರಿ."

"ಇಬ್ಬರದೂ."

"ನಿಮ್ಮದು ನೀವ ಬರಕೋರಿ. ನನ್ನದು ಬರದ್ರಿ. ಇಕಿ ಜಡ್ಡಿಗೆ ಬಿದ್ರ ಇರಲಿ ಅಂತ ರೊಕ್ಕ ಕಟ್ಟೇನಿ ಅಂತ ಸರ್ಕಾರಕ್ಕ ಹೇಳಿದ್ರಿ. ಕಟ್ಟಲಿಲ್ಲ. ಅಂದ್ರ ನನ್ನ ಮೈ ತೋರಿಸಿ ರೊಕ್ಕ ತಗೊಂಡೀರಿ. ಅಷ್ಟ ಅಲ್ಲೇನ್ರಿ?"

ಪಕ್ಕದ ಮಂಚದ ಮುದುಕಿ ನಮ್ಮ ಕಡೆ ತಿರುಗಿ ಮಲಗಿದ್ದಳು. ನಾನು ಕೆಳಗೆ ನೋಡಿಕೊಂಡು ಕೂತೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನಾನು ಏನಾದರೂ ಉತ್ತರ ಕೊಡುತ್ತಿದ್ದೆ, ಎಲ್ಲರೂ ಮಾಡುತ್ತಾರೆ ಎಂದಾದರೂ ಅನ್ನುತ್ತಿದ್ದೆ. ಸಂಜೆ ನರ್ಸ್ ಬಂದು, ಸಂಡಾಸಿಗೆ ಹೋಗಲು ಕೈ ಹಿಡಿದುಕೊಳ್ಳಿ ಎಂದಾಗ ನಾನು ಎದ್ದೆ. ಹೆಂಡತಿ "ಅವರು ಬ್ಯಾಡ, ನೀವ ಹಿಡೀರಿ ಸಿಸ್ಟರ್" ಎಂದಳು.

ಮನೆಗೆ ಬಂದು ಹದಿನೈದು ದಿನಕ್ಕೆ ನಾನು ಮತ್ತೆ ಜೋರಾಪುರ ಪೇಟೆಗೆ ಹೋದೆ. ಮೂರೂ ವರ್ಷದ ರಿಟರ್ನ್ ತಿದ್ದಿಕೊಡು ಎಂದು ಕೇಳಲು ಹೋಗಿದ್ದೆ. ಸಲಹೆಗಾರ ನನ್ನ ಮಾತು ಕೇಳಿ, ಗುಟ್ಕಾದ ಎಂಜಲು ತುಟಿಯಂಚಿಗೆ ಬರುವಷ್ಟು ನಕ್ಕ.

"ಬಂದ ರೊಕ್ಕ ತಿರುಗಿ ಕೊಡ್ತೇನಿ ಅಂತ ಬಂದವರನ್ನ ಇವತ್ತ ನೋಡೇನ್ರಿ ಸಾಹೇಬ್ರ. ನೋಟಿಸ್ ಬಂದೈತೇನು?"

"ಬಂದಿಲ್ಲ."

"ಮತ್ಯಾಕ್ರಿ ಈ ಉಸಾಬರಿ? ಉಲ್ಟಾ ಚಲೋ ಆತಲ್ಲ. ಈಗ ಅಕ್ಕಾರ ಆಪರೇಷನ್ ಆಗೈತಿ, ಖರೇ ಬಿಲ್ ಬಂದೈತಿ. ಈ ವರ್ಷ ಅದನ್ನೂ ಹಿಡಿಯೂಣು, ವಿಮಾನೂ ಹಿಡಿಯೂಣು. ಹಿಂದಿನ ರಶೀದಿ ಬೇಕಂದ್ರೂ ಮಾಡಿಸಿ ಕೊಡೂಣು. ಹುಡುಗರು ಅದಾರ."

ಅವನು ಬಾಟಲಿ ಎತ್ತಿ ಉಗುಳಿದ. ಈ ಸಲ ನಾನು ಎದ್ದೆ. ಆದರೆ ದೊಡ್ಡ ಮಾತೇನೂ ಆಡಲಿಲ್ಲ. ಆಡಲು ಯಾವ ಬಾಯಿ ಇತ್ತು? ಅಲ್ಲಿ ಸಾಲಾಗಿ ಕೂತಿದ್ದ ನಿವೃತ್ತರಲ್ಲಿ ಒಬ್ಬರು ನನ್ನ ಕುರ್ಚಿಗೆ ಗಡಬಡಿಸಿ ಸರಿದು ಕೂತರು, ಪಾಳಿ ಬೇಗ ಬಂತೆಂದು ಅವರಿಗೆ ಸಂತೋಷವಾಗಿತ್ತು. ಮೆಟ್ಟಿಲ ಮೂಲೆಯ ಕೆಂಪು ಕಲೆಗೆ ಮೈ ತಾಗದಂತೆ ನಡುವಿನಿಂದ ಕೆಳಗಿಳಿದೆ.

ವಿಜಯಪುರದ ಇನ್ನೊಂದು ಕಡೆ ಒಬ್ಬ ಲೆಕ್ಕಪರಿಶೋಧಕಿ ಇದ್ದರು. ಹಳೆಯ ಬ್ಯಾಂಕಿನ ಕೆಲಸದಿಂದ ಅವರ ಹೆಸರು ನನಗೆ ಗೊತ್ತಿತ್ತು. ಅವರ ಬಳಿ ಹೋಗುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಹೆಂಡತಿ "ನಾನೂ ಬರ್ತೇನಿ" ಎಂದಳು. ಹೊಲಿಗೆ ಇನ್ನೂ ಪೂರ್ತಿ ಮಾಯ್ದಿರಲಿಲ್ಲ. ಬೇಡ ಎಂದೆ. "ನನ್ನ ಹೆಸರಿಂದ ಏನೇನ ಬರದಾರ ನಾ ಕೇಳಬೇಕಲ್ಲ" ಎಂದು ಸೀರೆ ಬದಲಿಸಿ ಹೊರಟಳು.

ಲೆಕ್ಕಪರಿಶೋಧಕಿ ಮೂರೂ ರಿಟರ್ನ್ ತೆರೆದು ಓದಿದರು. ಮೂರನೆಯದರ ಒಂದು ಖಾನೆಯ ಮೇಲೆ ಬೆರಳಿಟ್ಟು ಕೇಳಿದರು.

"ಈ ಪಾಲಿಸಿ ನಂಬರ್ ಎಲ್ಲಿದ್ರಿ?"

ನಾನು ತಡವರಿಸಿದೆ. ಹೆಂಡತಿ ಹೇಳಿದಳು. "ಅದು ಪಾಲಿಸಿ ನಂಬರಲ್ರಿ. ಪತ್ರದ ಮ್ಯಾಲಿನ ನಂಬರು." ಚೀಲದಿಂದ ಕವರ್ ತೆಗೆದು ತೋರಿಸಿಯೂಬಿಟ್ಟಳು.

ಲೆಕ್ಕಪರಿಶೋಧಕಿ ನನ್ನ ಮುಖ ನೋಡಲಿಲ್ಲ, ಅದೊಂದು ದಯೆ. ತಿದ್ದಿದ ರಿಟರ್ನ್ ಹಾಕಬಹುದು, ಆದರೆ ತಪ್ಪಿಸಿದ ತೆರಿಗೆಯ ಜೊತೆ ಬಡ್ಡಿ, ಅದರ ಮೇಲೆ ಇನ್ನಷ್ಟು ಹೆಚ್ಚಿನ ತೆರಿಗೆ, ಹಳೆಯ ವರ್ಷಕ್ಕೆ ಇನ್ನೂ ಹೆಚ್ಚು ಬೀಳುತ್ತದೆ ಎಂದರು. ಎಷ್ಟಾದರೂ ಕಟ್ಟುತ್ತೇನೆ ಎಂದೆ. ಅವರು ಟಿಪ್ಪಣಿ ಮಾಡಿಕೊಂಡು, ಆಪರೇಷನ್ನಿನ ಬಿಲ್ಲು ಹೇಗೆ ಕಟ್ಟಿದಿರಿ ಎಂದು ಕೇಳಿದರು. ಕಾರ್ಡಿನಿಂದ ಎಂದೆ.

"ಅಮ್ಮಾರಿಗೆ ಅರವತ್ತು ದಾಟೈತಿ. ವಿಮಾ ಇಲ್ಲ. ಹಂಗಿದ್ದಾಗ ದವಾಖಾನಿಗೆ ಖರೇ ಖರ್ಚು ಮಾಡಿದ್ದು, ನಗದು ಕೊಡಲಾರದ, ಬ್ಯಾಂಕ್ ಮೂಲಕ ಕೊಟ್ಟಿದ್ರ, ಅದಕ್ಕ ಐವತ್ತು ಸಾವಿರತನಕ ವಿನಾಯಿತಿ ಕಾನೂನಿನಾಗ ಐತ್ರಿ. ನಿಮ್ಮದು ಹಳೆ ತೆರಿಗೆ ಪದ್ಧತಿ, ಅದರೊಳಗ ಮುಂದಿನ ಜುಲೈದಾಗ ಹಾಕಬಹುದು."

ವಿನಾಯಿತಿ ಎಂಬ ಶಬ್ದವೇ ನನಗೆ ಬೇಡವಾಗಿತ್ತು. "ಬ್ಯಾಡ್ರಿ. ಇನ್ನ ಯಾವ ವಿನಾಯಿತಿನೂ ಬ್ಯಾಡ" ಎಂದೆ.

"ಯಾಕ ಬ್ಯಾಡ?" ಹೆಂಡತಿ ನನ್ನ ಕಡೆ ತಿರುಗಿದಳು. ದವಾಖಾನೆಯಿಂದ ಬಂದ ಮೇಲೆ ಅವಳು ನೇರವಾಗಿ ನನ್ನ ಮುಖ ನೋಡಿ ಮಾತಾಡಿದ್ದು ಅದೇ ಮೊದಲು. "ನನ್ನ ಹೊಟ್ಟಿ ಕೊಯ್ದದ್ದು ಸುಳ್ಳೇನು? ಸುಳ್ಳ ಇದ್ದಾಗ ಹಾಕಿದ್ರಿ, ಖರೇ ಇದ್ದದ್ದು ಹಾಕಾಕ ನಾಚಿಕಿ ಬರ್ತೈತೇನು? ಹಾಕ್ರಿ ಬಾಯಾರ. ಬಿಲ್ ಎಲ್ಲಾ ನಾ ಇಟ್ಟೇನಿ."

ಲೆಕ್ಕಪರಿಶೋಧಕಿ ಅವಳನ್ನೇ ಕೇಳಿ ಕೇಳಿ ಬರೆದುಕೊಂಡರು. ನಾನು ಅಲ್ಲಿ ಇದ್ದೂ ಇಲ್ಲದವನಂತೆ ಕೂತಿದ್ದೆ.

ಮೂರೂ ವರ್ಷದ್ದು ತಿದ್ದಿ ಸಲ್ಲಿಸಿದ್ದಾಯಿತು. ಬಂದದ್ದಕ್ಕಿಂತ ಎಷ್ಟೋ ಹೆಚ್ಚು ಹೋಯಿತು. ಹಗುರಾಗುತ್ತದೆ ಎಂದುಕೊಂಡಿದ್ದೆ, ಆಗಲಿಲ್ಲ. ಗೆಳೆಯನ ನೆನಪು ಬರುತ್ತಿತ್ತು. ಅವನನ್ನು ಆ ಕೋಣೆಗೆ ಕರೆದುಕೊಂಡು ಹೋದವನು ನಾನು, ಹೊರಗೆ ಕರೆದುಕೊಂಡು ಬರುವುದೂ ನನ್ನ ಕೆಲಸವೇ ಎಂದು ಒಂದು ದಿನ ಮುಂಜಾನೆ ಬಬಲೇಶ್ವರದ ಬಸ್ ಹತ್ತಿದೆ.

ಗೆಳೆಯ ಪಡಸಾಲೆಯಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದ. ನನ್ನನ್ನು ಕಂಡು ಖುಷಿಯಾಗಿ ಚಹಾ ಮಾಡಿಸಿದ. ನಾನು ಸುತ್ತುಬಳಸದೆ ಎಲ್ಲ ಹೇಳಿದೆ. ಆಸ್ಪತ್ರೆಯ ಕೌಂಟರು, ಸುಳ್ಳು ಫೋನು, ಹೆಂಡತಿಯ ಮಾತು, ಒಂದನ್ನೂ ಬಿಡಲಿಲ್ಲ. ಅವನ ಕೈ ಮೊರದ ಮೇಲೆ ನಿಂತಿತು.

"ತಿದ್ದಿಸಿ ತುಂಬಿದೇನು?"

"ತುಂಬೇನಿ. ನೀನೂ ತಿದ್ದಿಸು. ಆ ಲೆಕ್ಕದ ಬಾಯಾರು ಚಲೋ ಅದಾರ, ಕರಕೊಂಡು ಹೋಗ್ತೇನಿ."

"ನೀ ಎಂಥಾ ಮನಷ್ಯಾ ಅದಿಯೋ? ನೀನ ಹೋಗಿ ತಪ್ಪಾತು ಅಂದ್ರ ಆ ಜೋರಾಪುರ ಪೇಟಿ ಮನಷ್ಯಾ ಹಾಕಿದ್ದೆಲ್ಲಾ ತಗದ ನೋಡ್ತಾರ. ನಮ್ಮನ್ನೂ ಹಿಡಸ್ತಿ."

"ನಿನ್ನದೂ ಮಾಸ್ತರರ ಸಂಘದ ವಿಮಾ ಪತ್ರ ತೋರಿಸಿ ಹಾಕ್ಯಾನಲ್ಲ, ಅಷ್ಟನ್ನ ತಿದ್ದಿಸು. ಬಾಳ ಆಗಂಗಿಲ್ಲ."

ಅವನು ಒಳಗೆ ನೋಡಿ, ಯಾರೂ ಕೇಳುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಹೇಳಿದ.

"ನನ್ನದು ಅಷ್ಟ ಅಲ್ಲ. ತಾಯಿ ತಂದೀದು ಬೇರೆ ಖಾನೆ ಐತಿ ಅಂದ. ವಯಸ್ಸಾದವರದು ಅಂದ್ರ ಇನ್ನೊಂದ ಐವತ್ತು ಸಾವಿರ. ಅದನ್ನೂ ಹಾಕೇನಿ."

ನನಗೆ ತಕ್ಷಣ ತಿಳಿಯಲಿಲ್ಲ. ಆಮೇಲೆ ನನ್ನ ಕಣ್ಣು ತಾನೇ ಗೋಡೆಯ ಕಡೆ ಹೋಯಿತು. ಅಲ್ಲಿ ಅವನ ತಾಯಿಯ ಫೋಟೋ ಇತ್ತು, ಗಂಧದ ಹಾರ ಹಾಕಿದ್ದರು. ಅವಳು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅವಳಿಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ.

"ಅವ್ವ ಹೋಗಿ ನಾಕು ವರ್ಷ ಆತಲ್ಲೋ" ಎಂದೆ.

"ಕಾಗದದಾಗ ಇನ್ನೂ ಅದಾಳ" ಎಂದ.

ಆ ತಾಯಿಯ ಹೆಸರನ್ನು, ನನ್ನ ಪಾಲಿನ ರೊಟ್ಟಿ ಎಣಿಸಿ ಕಟ್ಟಿದವಳ ಹೆಸರನ್ನು, ಬಾಟಲಿಯಲ್ಲಿ ಉಗುಳುವ ಆ ಮನುಷ್ಯ ಖಾನೆಯೊಂದರಲ್ಲಿ ಬರೆದು, ಸತ್ತವಳ ದವಾಖಾನೆಯ ಖರ್ಚೆಂದು ರೊಕ್ಕ ಎಳೆದಿದ್ದ. ಅವಳ ಮಗ ಕೂತು ಆರು ಅಂಕಿ ಓದಿ ಹೇಳಿದ್ದ. ಆ ಮೆಟ್ಟಿಲು ತೋರಿಸಿದವನು ನಾನು.

"ಹೇಸಿಗಿ ಬರಲಿಲ್ಲೇನೋ ನಿನಗ?" ಎಂದೆ. ದನಿ ನನಗೆ ಗೊತ್ತಿಲ್ಲದೆ ಏರಿತ್ತು.

ಅವನು ಮೊರ ಕೆಳಗಿಟ್ಟ. ಸಾಲೆಯಲ್ಲಿ ಹುಡುಗರಿಗೆ ಪಾಠ ಹೇಳುವಾಗಿನ ಅದೇ ನಿಧಾನದ ದನಿಯಲ್ಲಿ ಹೇಳಿದ.

"ನೀ ಜೀವಂತ ಇದ್ದಾಕಿ ಹೆಸರು ಬರಸಿದಿ. ಆಕಿಗೆ ಬೇಕಾದಾಗ ವಿಮಾ ಇರಲಿಲ್ಲ. ನಾ ಸತ್ತಾಕಿ ಹೆಸರು ಬರಸೇನಿ. ನಮ್ಮವ್ವಗ ಇನ್ನೇನೂ ಬೇಕಾಗಿಲ್ಲ. ಯಾವುದು ಹೆಚ್ಚಿನ ಹೇಸಿಗಿ, ನೀನ ಹೇಳು."

ಚಹಾದ ಕಪ್ಪಿನಲ್ಲಿ ಅರ್ಧ ಉಳಿದಿತ್ತು, ಕೆನೆಗಟ್ಟಿತ್ತು. ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ. ಅವನು ಬಾಗಿಲತನಕ ಬಂದು, "ನನ್ನ ಹೆಸರು ಮಾತ್ರ ಎಲ್ಲೂ ಎತ್ತಬ್ಯಾಡ" ಎಂದ. ನಲವತ್ತು ವರ್ಷದ ಗೆಳೆತನದಲ್ಲಿ ಅವನು ನನಗೆ ಆಡಿದ ಕೊನೆಯ ಮಾತು ಅದು. ಆಮೇಲೆ ಒಂದು ಮದುವೆಯಲ್ಲಿ ಕಂಡ. ಊಟದ ಸಾಲಿನಲ್ಲಿ ನನ್ನನ್ನು ನೋಡಿ, ತಾಟು ಹಿಡಿದುಕೊಂಡು ಬೇರೆ ಸಾಲಿಗೆ ಹೋದ. ಅವನು ತಿದ್ದಿಸಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಇಲ್ಲವೆಂದೇ ಅಂದುಕೊಂಡಿದ್ದೇನೆ.

ಆ ದಿನ ಬಬಲೇಶ್ವರದಿಂದ ವಿಜಯಪುರಕ್ಕೆ, ಅಲ್ಲಿಂದ ಇನ್ನೊಂದು ಬಸ್ ಹಿಡಿದು ತಿಕೋಟಾಕ್ಕೆ ಬಂದೆ. ದಾರಿಯುದ್ದಕ್ಕೂ ಅವನ ಪ್ರಶ್ನೆಗೆ ಉತ್ತರ ಹುಡುಕಿದೆ. ನನ್ನದು ಅವನದಕ್ಕಿಂತ ಕಡಿಮೆ ಹೊಲಸು ಎಂದು ತೋರಿಸುವ ಒಂದಾದರೂ ಮಾತು ಸಿಗಲಿ ಎಂದು ಎಲ್ಲ ಕಡೆ ತಡಕಾಡಿದೆ. ನಾನು ತಿದ್ದಿಸಿದೆ, ಅವನು ತಿದ್ದಿಸಲಿಲ್ಲ, ಅಷ್ಟೇ ಸಿಕ್ಕಿತು. ಅದೂ ಕೌಂಟರಿನಲ್ಲಿ ಸಿಕ್ಕಿಬಿದ್ದ ಮೇಲೆ. ಆ ಹುಡುಗಿ ಪತ್ರ ಓದದೇ ಇದ್ದಿದ್ದರೆ, ಹೆಂಡತಿಯ ಹೊಟ್ಟೆ ನೋಯದೇ ಇದ್ದಿದ್ದರೆ, ನಾನು ನಾಲ್ಕನೆಯ ಜುಲೈನಲ್ಲೂ ಆ ಮೆಟ್ಟಿಲು ಹತ್ತುತ್ತಿದ್ದೆ. ಇದರಲ್ಲಿ ನನಗೆ ಸಂಶಯವಿಲ್ಲ.

ಮನೆಗೆ ಬಂದಾಗ ಹೆಂಡತಿ ಅಡುಗೆ ಮುಗಿಸಿದ್ದಳು. ಏನಂದ ಎಂದು ಕೇಳಿದಳು. ಇದ್ದದ್ದು ಇದ್ದಂತೆ ಹೇಳಿದೆ. ಅವನ ತಾಯಿಯ ವಿಷಯಕ್ಕೆ ಬಂದಾಗ ಅವಳು ಕಣ್ಣು ಮುಚ್ಚಿಕೊಂಡಳು. ಆ ಮುದುಕಿಯ ಕಾಲಿಗೆ ಬಿದ್ದು ಆಶೀರ್ವಾದ ತೆಗೆದುಕೊಂಡವಳು ಅವಳೂ. ಅವನು ನನಗೆ ಕೇಳಿದ ಪ್ರಶ್ನೆಯನ್ನೂ ಹೇಳಿದೆ. ಏನಾದರೂ ಅನ್ನುತ್ತಾಳೆ, ನಿಮ್ಮದು ಅಷ್ಟು ಕೆಟ್ಟದ್ದಲ್ಲ ಅನ್ನುತ್ತಾಳೆ ಎಂಬ ಆಸೆ ಒಳಗೆಲ್ಲೋ ಇತ್ತು. ಅವಳು ಎದ್ದು ತಾಟು ತಂದಳು.

"ಊಟ ಮಾಡ್ತೀರೇನು?" ಎಂದಳು.

"ಬ್ಯಾಡ. ಹೋಗಂಗಿಲ್ಲ."

"ನಾ ಮಾಡ್ತೇನಿ" ಎಂದಳು. ಡಾಕ್ಟರು ಖಾರ, ಎಣ್ಣೆ ತಿನ್ನಬಹುದು ಎಂದು ಹಿಂದಿನ ದಿನವಷ್ಟೇ ಹೇಳಿದ್ದರು. ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಹಾಕಿಕೊಂಡು ಗೋಡೆಗೊರಗಿ ಕೂತು, ನಿಧಾನಕ್ಕೆ, ರುಚಿ ನೋಡಿ ನೋಡಿ, ಒಬ್ಬಳೇ ಉಂಡಳು.